ಗ್ಯಾರೇಜ್ ಕಟ್ಟೆ: ಅಂಬಾಸಿಡರ್‌ಗೆ ಇಂಜೆಕ್ಷನ್ ಕೊಡಿಸಬಹುದಾ?

ಈ ತಿಂಗಳ ಅಂಚೆಯಲ್ಲಿ ಹಳೇ ಕಾರು, ಹೊಸ ಇಂಜೆಕ್ಷನ್ ಅನ್ನುವ ಪತ್ರಗಳೇ ಜಾಸ್ತಿ. ಇಂಜೆಕ್ಷನ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ತೆಗೆದು, ಕಂಪ್ಯೂಟರು ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ಹಾಗೆ ಮಾಡುವುದು. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಅದರಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ನಾನೇ ನನ್ನ ಕಾರಿನ ಮೇಲೆ ಮಾಡಿ ಮುಗಿಸಿದ್ದೇನೆ, ಅದಕ್ಕೆ. ಉಳಿದವಕ್ಕೆ ಚಿಕ್ಕದಾಗಿ.

ಪ್ರಶ್ನೆ: ಅಪ್ಪ 1977ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಮನೆಯಲ್ಲಿದೆ. ಪೆಟ್ರೋಲ್ ಗಾಡಿ, ಎಸ್‌ಯು ಕಂಪನಿಯ ಕಾರ್ಬುರೇಟರ್. ಅಪ್ಪ ಹೋಗಿ ಆರು ವರ್ಷ ಆಯಿತು, ಮಾರಲು ಮನಸ್ಸಿಲ್ಲ. ಆದರೆ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಬೇಸಿಗೆಯಲ್ಲಿ ಉಡುಪಿಯಿಂದ ಬರುವಾಗ ಆಗುಂಬೆ ಹತ್ತಿ ಮೇಲೆ ಕಾಫಿಗೆ ನಿಲ್ಲಿಸಿದರೆ ಮತ್ತೆ ಅರ್ಧ ಗಂಟೆ ಏಳುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ‘ಇಂಜೆಕ್ಷನ್ ಮಾಡಿಸಿಬಿಡಿ, ಎಲ್ಲಾ ಸರಿಹೋಗುತ್ತೆ’ ಅನ್ನುತ್ತಾನೆ. ಮಾಡಿಸಬಹುದಾ ಸಾರ್?
– ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು

ಉತ್ತರ: ಮಾಡಿಸಬಹುದು ಮಾರಾಯ್ರೆ. ಆದರೆ ನೀವು ಬರೆದಿರುವುದು ಒಂದು ಕಾಯಿಲೆ ಅಲ್ಲ, ಎರಡು. ಒಂದಕ್ಕೆ ಇಂಜೆಕ್ಷನ್ ಮದ್ದು. ಇನ್ನೊಂದಕ್ಕೆ ಅಲ್ಲವೇ ಅಲ್ಲ.

ಮಳೆಗಾಲದ ತೊಂದರೆ ಪೆಟ್ರೋಲಿನದ್ದಲ್ಲ, ಕಿಡಿಯದ್ದು. ಮಳೆ ಹಿಡಿದ ಒಂದು ರಾತ್ರಿ ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಪ್ಲಗ್ ವೈರುಗಳ ಮೇಲೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಪ್ಲಗ್ಗಿಗೆ ಹೋಗಬೇಕಾದದ್ದು ತೇವದ ದಾರಿ ಹಿಡಿದು ಗಾಡಿಯ ಮೈಗೆ ಹೋಗುತ್ತಿದೆ. ಬೆಳಿಗ್ಗೆ ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಬೆವರು ಕಟ್ಟಿರುತ್ತದೆ. ಒರೆಸಿದ ಮೇಲೆ ಎರಡು ತುದಿಗಳ ನಡುವೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಆ ಕ್ಯಾಪ್ ಮುಗಿಯಿತು, ಒಣಗಿಸಿ ಪ್ರಯೋಜನ ಇಲ್ಲ. ಹೊಸ ಕ್ಯಾಪ್, ರೋಟರ್, ಒಳ್ಳೆಯ ಪ್ಲಗ್ ವೈರು ಹಾಕಿಸಿ. ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟ್ ಗ್ಯಾಪ್ 15 ಥೌ ಆಸುಪಾಸು ಇಡಿಸಿ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು). ನಾನು ಕಂಡ ‘ಮಳೆಗಾಲದ ಕಾರ್ಬುರೇಟರ್ ಕಂಪ್ಲೇಂಟ್’ಗಳಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಹೋಗಿವೆ. ಇದನ್ನು ಬಿಟ್ಟು ಇಂಜೆಕ್ಷನ್‌ಗೆ ದುಡ್ಡು ಸುರಿದರೆ, ಕಂಪ್ಯೂಟರು ಲೆಕ್ಕ ಹಾಕಿ ಸರಿಯಾಗಿ ಪೆಟ್ರೋಲ್ ಬಿಡುತ್ತದೆ, ಹೊತ್ತಿಸುವವರು ಯಾರೂ ಇರುವುದಿಲ್ಲ.

ಇನ್ನು ಆಗುಂಬೆಯದ್ದು. ಈ ಇಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಪಕ್ಕದಲ್ಲಿ. ಕಾರ್ಬುರೇಟರ್ ಕೂತಿರುವುದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಹೊಗೆ ಕೊಳವೆಯ, ನೆತ್ತಿಯ ಮೇಲೆ. ಹದಿನಾಲ್ಕು ತಿರುವು ಎರಡನೇ ಗೇರಿನಲ್ಲಿ ಏರಿ ಬಂದು ಆಫ್ ಮಾಡಿದಿರಿ ಅನ್ನಿ. ಫ್ಯಾನ್ ನಿಂತಿತು. ಕೆಳಗಿನ ಕಾವೆಲ್ಲ ಮೇಲಕ್ಕೆ. ಕಾರ್ಬುರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ಕೂಡಿಡುವ ಬಟ್ಟಲಿನಲ್ಲಿ, ಇರುವ ಪೆಟ್ರೋಲ್ ಕುದಿಯುತ್ತದೆ, ಪೈಪಿನಲ್ಲಿ ಆವಿ ಕಟ್ಟುತ್ತದೆ. ಆ ಹಳೇ ಮೆಕ್ಯಾನಿಕಲ್ ಪಂಪಿನ ಒತ್ತಡ ಹೆಚ್ಚೆಂದರೆ ಕಾಲು ಬಾರ್. ಆವಿಯನ್ನು ತಳ್ಳುವ ಶಕ್ತಿ ಅದಕ್ಕಿಲ್ಲ. ಇಂಜೆಕ್ಷನ್‌ನಲ್ಲಿ 3 ಬಾರ್ ಒತ್ತಡ ಇರುತ್ತದೆ, ಉಳಿದ ಪೆಟ್ರೋಲ್ ಸದಾ ಟ್ಯಾಂಕಿಗೆ ವಾಪಸ್ ಸುತ್ತುತ್ತಿರುತ್ತದೆ. ಅಲ್ಲಿ ಕುದಿಯುವ ಮಾತೇ ಕಡಿಮೆ. ಮಗ ಹೇಳಿದ್ದು ಈ ಅರ್ಧಕ್ಕೆ ಸರಿ.

ಇನ್ನೊಂದು ಕಾರಣವೂ ಇದೆ, ನೀವು ಬರೆದಿಲ್ಲ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಈ ಬೆರಕೆಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಕೊಡಬೇಕು. ನಿಮ್ಮ ಅಪ್ಪನ ಕಾಲಕ್ಕೆ ಕೂರಿಸಿದ, ಪೆಟ್ರೋಲ್ ಬಿಡುವ ತೂತಾದ ಜೆಟ್‌ಗೆ ಇದು ಗೊತ್ತಿಲ್ಲ. ಇಂಜಿನ್ ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ ಓಡುತ್ತದೆ, ಕಾಯುತ್ತದೆ, ಪಿಕಪ್ ಸಾಯುತ್ತದೆ. ಎಸ್‌ಯು ಇದ್ದವರು ಪುಣ್ಯವಂತರು. ಕೆಳಗಿನ ಜೆಟ್ ನಟ್ಟನ್ನು ಒಂದೊಂದೇ ಮುಖ ಇಳಿಸಿ ಸರಿ ಮಾಡಬಹುದು, ಖರ್ಚು ಸೊನ್ನೆ. ಸೈಲೆನ್ಸರಿನಲ್ಲಿ ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಸುಮ್ನೆ ನಿಂತ ಗಾಡಿಯ ಟ್ಯಾಂಕ್ ತಳದಲ್ಲಿ ಏನಿರುತ್ತದೆ ಅಂತ ಡ್ರೈನ್ ಬಿಚ್ಚಿ ಒಮ್ಮೆ ಗಾಜಿನ ಬಾಟಲಿಗೆ ಹಿಡಿದು ನೋಡಿ.

ಸರಿ, ಕಿಡಿ ರಿಪೇರಿ ಆಯಿತು, ಆದರೂ ಇಂಜೆಕ್ಷನ್ ಬೇಕು ಅನ್ನುತ್ತೀರಿ. ಹಾಗಾದರೆ ಕೇಳಿ.

ಇದು ಹೊಸ ವಿದ್ಯೆ ಏನಲ್ಲ. ಬೆಂಗಳೂರಿನ ಮೈಕೊ ಗೊತ್ತಲ್ಲ, ಅದರ ತಾಯಿ ಕಂಪನಿ ಬಾಷ್ 1967ರಲ್ಲೇ ಫೋಕ್ಸ್‌ವ್ಯಾಗನ್ 1600 ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ಟಿತ್ತು. ನಿಮ್ಮ ಗಾಡಿಗಿಂತ ಹತ್ತು ವರ್ಷ ಹಿರಿದು. ತತ್ವ ಇವತ್ತಿಗೂ ಅದೇ. ಇಂಜಿನ್ನಿಗೆ ಗಾಳಿ ತರುವ ಮ್ಯಾನಿಫೋಲ್ಡಿನ ಒಳಗೆ ಎಷ್ಟು ಒತ್ತಡ, ಗಾಳಿ ಎಷ್ಟು ಬಿಸಿ, ಇಂಜಿನ್ ನೀರು ಎಷ್ಟು ಬಿಸಿ, ಎಷ್ಟು ವೇಗಕ್ಕೆ ತಿರುಗುತ್ತಿದೆ ಅನ್ನುವುದನ್ನು ಸೆನ್ಸರುಗಳು ಹೇಳುತ್ತವೆ. ಇಸಿಯು ಎಂಬ ಪುಟ್ಟ ಕಂಪ್ಯೂಟರು ಲೆಕ್ಕ ಹಾಕಿ ಇಂಜೆಕ್ಟರ್ ಬಾಯಿಯನ್ನು ಕೆಲವು ಮಿಲಿಸೆಕೆಂಡ್ ತೆರೆಯುತ್ತದೆ.

ಅಂಬಾಸಿಡರ್‌ನಲ್ಲಿ ಒಂದು ಹಠ ಇದೆ. ನಾಲ್ಕು ಸಿಲಿಂಡರ್, ಆದರೆ ಹೆಡ್ಡಿನಲ್ಲಿ ಗಾಳಿಯ ಬಾಗಿಲು ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಅಂದರೆ 3 ಎಳೆದ ಬೆನ್ನಿಗೇ 4 ಎಳೆಯುತ್ತದೆ, ಅದೂ ಅದೇ ಬಾಗಿಲಿನಿಂದ. ಒಂದೇ ಬಾನಿಯ ಅಕ್ಕಚ್ಚಿಗೆ ಎರಡು ಕರು ಬಿಟ್ಟ ಹಾಗೆ. ಒಂದು ಕುಡಿದು ಉಬ್ಬುತ್ತದೆ, ಇನ್ನೊಂದು ನೆಕ್ಕುತ್ತಾ ನಿಲ್ಲುತ್ತದೆ. ಹೊಸ ಕಾರುಗಳ ಹಾಗೆ ಬಾಗಿಲಿಗೊಂದು ಇಂಜೆಕ್ಟರ್ ಇಟ್ಟು ಸುಮ್ನೆ ಚಿಮ್ಮಿಸಿದರೆ ಒಂದು ಪ್ಲಗ್ ಕಪ್ಪು, ಪಕ್ಕದ್ದು ಬಿಳಿ. ಚಿಮ್ಮುವ ಗಳಿಗೆಯನ್ನು ಕ್ಯಾಮ್ ನೋಡಿಕೊಂಡು ಲೆಕ್ಕ ಹಾಕಿ ಸರಿ ಮಾಡುವವರಿದ್ದಾರೆ. ನಮ್ಮ ನಿಮ್ಮಂಥವರಿಗೆ ಅದು ಬೇಡ. ಕಾರ್ಬುರೇಟರ್ ಇದ್ದ ಜಾಗದಲ್ಲೇ ಗಾಳಿಯ ಕವಾಟ ಇರುವ ಥ್ರಾಟಲ್ ಬಾಡಿ ಕೂರಿಸಿ, ಅದರ ಮೇಲಿಂದಲೇ ಇಂಜೆಕ್ಟ್ ಮಾಡಿ. ಹಳೇ ಮ್ಯಾನಿಫೋಲ್ಡು ಎರಡೂ ಕಡೆಗೆ ಹಂಚುತ್ತದೆ, ಅಷ್ಟು ವರ್ಷ ಹಂಚಿದ ಹಾಗೆ. ಕೆಳಗಿನ ಕಾವು ಇಲ್ಲಿ ಚಿಮ್ಮಿದ ಪೆಟ್ರೋಲನ್ನು ಆವಿ ಮಾಡಿ ಉಪಕಾರಕ್ಕೇ ಬರುತ್ತದೆ.

ಇಂಜೆಕ್ಟರ್ ದೊಡ್ಡದಾದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೆ ತಲೆ ಆಡಿಸಬೇಡಿ. ಈ ಇಂಜಿನ್ ಕೊಡುವುದು ಸುಮಾರು 50 ಅಶ್ವಶಕ್ತಿ. ಆಕ್ಸಿಲರೇಟರ್ ಪೂರ್ತಿ ಒದ್ದಾಗ ಎಥನಾಲ್ ಬೆರಕೆಯಲ್ಲಿ ನಿಮಿಷಕ್ಕೆ 275 ಸಿಸಿ ಆಸುಪಾಸು ಕುಡಿಯುತ್ತದೆ. ಇಂಜೆಕ್ಟರಿಗೆ ಸ್ವಲ್ಪ ಉಸಿರು ಬಿಡಬೇಕು. ಆದ್ದರಿಂದ ಒಟ್ಟು 350 ಸಿಸಿ ಸಾಕು. ಅದಕ್ಕಿಂತ ತೀರಾ ದೊಡ್ಡದು ಹಾಕಿದರೆ ಐಡ್ಲಿಂಗ್‌ನಲ್ಲಿ ಸಣ್ಣ ಗುಟುಕು ಕೊಡಲು ಅದಕ್ಕೆ ಬರುವುದಿಲ್ಲ, ಗಾಡಿ ಕುಣಿಯುತ್ತದೆ.

ಈಗ ನನ್ನ ಕಥೆ. ನನ್ನದು 1984ರ ಮಾರ್ಕ್ 4, ಅದೇ 1489 ಸಿಸಿ ಇಂಜಿನ್. ಹೈ ಪ್ರೆಶರ್ ಹೋಸ್ ಕೊಡಿ ಅಂತ ಒಂದು ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. ಮೇಲೆ ಏನು ಬರೆದಿದೆ ಅಂತ ನಾನೂ ಓದಲಿಲ್ಲ. ತಪ್ಪು ಅವರದ್ದು ಅರ್ಧ, ನನ್ನದು ಅರ್ಧ. ಮೊದಲ ಟ್ರಯಲ್‌ಗೆ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟೆ. ಗಾಜನೂರು ದಾಟಿದ ಮೇಲೆ ಪೆಟ್ರೋಲ್ ವಾಸನೆ. ಹೊಸ ಕೆಲಸ, ಎಲ್ಲೋ ಚೆಲ್ಲಿರಬೇಕು ಅಂದುಕೊಂಡೆ. ಮಂಡಗದ್ದೆಗೆ ಬರುವಾಗ ಕಣ್ಣು ಉರಿ. ಹೊಳೆ ಪಕ್ಕ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆ. ಎತ್ತಬಾರದಿತ್ತು. ಕ್ಲಿಪ್ಪಿನ ಹಲ್ಲು ಹೋಸನ್ನು ಕೊರೆದಿತ್ತು. ಅಲ್ಲಿಂದ ಹೊಲಿಗೆ ದಾರದಷ್ಟು ಸಣ್ಣ ಎಳೆ ಪೆಟ್ರೋಲ್ ನೆಟ್ಟಗೆ ಹಾರುತ್ತಾ ಏರ್ ಕ್ಲೀನರಿಗೆ ಬಡಿಯುತ್ತಿತ್ತು. ಅಲ್ಲಿಂದ ತೊಟ್ಟಿಕ್ಕಿದರೆ ಒಂದು ಗೇಣು ಕೆಳಗೆ ಎಕ್ಸಾಸ್ಟ್. ಮರದ ಮೇಲೆ ಕೊಕ್ಕರೆಗಳು ಗಲಾಟೆ ಮಾಡುತ್ತಿದ್ದವು. ನಾನು ಕೀ ತಿರುಗಿಸಿ, ಬಾಟಲಿ ನೀರು ಹಿಡಿದುಕೊಂಡು ಹತ್ತು ನಿಮಿಷ ಸುಮ್ನೆ ದೂರ ನಿಂತಿದ್ದೆ.

ಕಾರ್ಬುರೇಟರಿನ ಹೋಸ್ ಬೇರೆ, ಇಂಜೆಕ್ಷನ್ ಹೋಸ್ ಬೇರೆ. ಹೋಸಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಅಂತ ಅಚ್ಚಾಗಿರಬೇಕು. ‘ಆರ್7’ ಅಂತ ಇದ್ದರೆ ಅದು ಕಡಿಮೆ ಒತ್ತಡದ್ದು, ವಾಪಸ್ ಕೊಡಿ. ಕ್ಲಿಪ್ಪೂ ಅಷ್ಟೇ. ಅಂಚು ಮಡಚಿದ, ಒಳಮೈ ನುಣುಪಾದದ್ದು ಬೇಕು. ಪೈಪುಗಳನ್ನು ಎಕ್ಸಾಸ್ಟಿನಿಂದ ಆಚೆ ಪಕ್ಕ ತನ್ನಿ. ಪಂಪಿನ ರಿಲೇ ಇಸಿಯು ಕೈಯಲ್ಲಿರಲಿ. ಇಂಜಿನ್ ತಿರುಗುವುದು ನಿಂತರೆ ಒಂದೆರಡು ಸೆಕೆಂಡಿನಲ್ಲಿ ಪಂಪೂ ನಿಲ್ಲಬೇಕು. ಗಾಡಿ ಚರಂಡಿಗೆ ಬಿದ್ದು ಮಗುಚಿದಾಗ ಪಂಪು ಓಡುತ್ತಲೇ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಎರಡನೇ ಪಾಠ ಘಾಟಿಯಲ್ಲೇ ಆಯಿತು. ಹಳೇ ಟ್ಯಾಂಕಿನಲ್ಲಿ ತಡೆಗೋಡೆ ಇಲ್ಲ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ಹೇರ್‌ಪಿನ್ ತಿರುವಿನಲ್ಲಿ ಎಲ್ಲಾ ಒಂದು ಮೂಲೆಗೆ ಓಡುತ್ತದೆ, ಪಂಪು ಗಾಳಿ ಕುಡಿಯುತ್ತದೆ. ಕಾರ್ಬುರೇಟರಿಗೆ ಬೌಲ್ ಇತ್ತು, ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್‌ಗೆ ಅರ್ಧ ಸೆಕೆಂಡ್ ತಪ್ಪಿದರೂ ಇಂಜಿನ್ ಕೆಮ್ಮುತ್ತದೆ. ಹಿಂದೆ ಬಸ್ಸು, ಮುಂದೆ ಲಾರಿ, ನಡುವೆ ಕೆಮ್ಮುವ ಅಂಬಾಸಿಡರ್! ಇದಕ್ಕೆ ಒಂದು ಲೀಟರಿನ ಚಿಕ್ಕ ಟ್ಯಾಂಕ್ ಮಾಡಿಸಿ. ಹಳೇ ಮೆಕ್ಯಾನಿಕಲ್ ಪಂಪನ್ನು ಕಿತ್ತು ಎಸೆಯಬೇಡಿ, ಈ ಚಿಕ್ಕ ಟ್ಯಾಂಕ್ ತುಂಬಿಸುವ ಕೆಲಸ ಅದಕ್ಕೆ ಕೊಡಿ. ಇಂಜೆಕ್ಷನ್ ಪಂಪು ಇದರಿಂದ ಎಳೆಯಲಿ, ವಾಪಸ್ ಪೈಪು ಇದಕ್ಕೇ ಬರಲಿ, ತುಂಬಿ ಹೆಚ್ಚಾದದ್ದು ದೊಡ್ಡ ಟ್ಯಾಂಕಿಗೆ ಹೋಗಲಿ. ಹಾಗೆ ಮಾಡಿದ ಮೇಲೆ ಆಗುಂಬೆಯಲ್ಲಿ ಒಮ್ಮೆಯೂ ಕೆಮ್ಮಿಲ್ಲ.

ಮೂರನೆಯದು ನನ್ನ ಎರಡು ತಿಂಗಳು ತಿಂದಿತು. ಇಂಜಿನ್ ಎಷ್ಟು ತಿರುಗಿದೆ ಅಂತ ತಿಳಿಯಲು ಕ್ರ್ಯಾಂಕ್ ಪುಲ್ಲಿಯ ಮುಂದೆ ಹಲ್ಲಿನ ಚಕ್ರ ಹಾಕುತ್ತಾರೆ. 36 ಹಲ್ಲಿನ ಜಾಗ, ಅದರಲ್ಲಿ ಒಂದು ಹಲ್ಲು ಇಲ್ಲ. ಎದುರಿಗಿರುವ ಸೆನ್ಸರ್ ಹಲ್ಲು ಎಣಿಸುತ್ತದೆ. ಆ ಬೋಡು ಜಾಗ ಬಂದಾಗ ಇಸಿಯುಗೆ ಗುರುತು ಸಿಗುತ್ತದೆ. ಚಕ್ರವನ್ನು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಟರ್ನರ್ ಒಬ್ಬರು ಮಾಡಿಕೊಟ್ಟರು. ಕೂದಲೆಳೆ ಓಲಾಟ ಇರಲಿಲ್ಲ. ಸೆನ್ಸರ್ ಗ್ಯಾಪ್ ಒಂದು ಮಿಲಿಮೀಟರ್. ಆದರೂ 3000 ಆರ್‌ಪಿಎಂ ದಾಟಿದರೆ ಮಿಸ್ಸಿಂಗ್. ಇಂಜೆಕ್ಟರ್ ಬದಲಾಯಿಸಿದೆ, ಪಂಪ್ ಬದಲಾಯಿಸಿದೆ, ಅರ್ತಿಂಗ್ ಹತ್ತು ಸಲ ಕೆರೆದೆ. ಕೊನೆಗೆ ಕಂಡದ್ದು ಇಷ್ಟೇ. ಸೆನ್ಸರ್ ವೈರನ್ನು ಅಂದ ಕಾಣಲಿ ಅಂತ ಪ್ಲಗ್ ವೈರುಗಳ ಜೊತೆಗೇ ಕಟ್ಟಿದ್ದೆ! ಕಿಡಿಯ ಗದ್ದಲ ಸೆನ್ಸರಿಗೆ ಹಲ್ಲಿನ ಹಾಗೆ ಕೇಳುತ್ತಿತ್ತು. ಜಾಲರಿ ಇರುವ ಶೀಲ್ಡ್ ವೈರು ಹಾಕಿ, ಜಾಲರಿಯನ್ನು ಒಂದೇ ತುದಿಗೆ ಅರ್ತ್ ಮಾಡಿ, ರೆಸಿಸ್ಟರ್ ಇರುವ ಪ್ಲಗ್ ಹಾಕಿದೆ. ನಿಂತಿತು.

ಇಲ್ಲೊಂದು ಲಾಭದ ಮಾತು. ಚಕ್ರ, ಸೆನ್ಸರ್ ಹಾಕಿಸುವವರು ಜೊತೆಗೆ ಕಿಡಿಯನ್ನೂ ಇಸಿಯುಗೇ ಒಪ್ಪಿಸಿ, ಕಿಡಿ ಹುಟ್ಟಿಸುವ ಎರಡು ಕಾಯಿಲ್ ಇರುವ ಕಾಯಿಲ್ ಪ್ಯಾಕ್ ಹಾಕಬಹುದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಂಬುದೇ ಇರುವುದಿಲ್ಲ. ನಿಮ್ಮ ಮಳೆಗಾಲದ ಕಾಯಿಲೆಗೆ ಬೇರು ಸಮೇತ ಮದ್ದು ಬೇಕೆಂದರೆ ಅದು ಇದು.

ಸಣ್ಣ ಸಂಗತಿಗಳು ಮೂರಿವೆ. ನಿಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಇನ್ನೂ ಡೈನಮೊ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿಸಿ. ಪಂಪು, ಇಂಜೆಕ್ಟರ್, ಇಸಿಯು ಎಲ್ಲಾ ಸೇರಿ ಹತ್ತು ಆಂಪಿಯರ್ ಮೇಲೆ ಕೇಳುತ್ತವೆ, ಐಡ್ಲಿಂಗ್‌ನಲ್ಲಿ ಡೈನಮೊ ಕೊಡುವುದು ಏನೂ ಇಲ್ಲ. ಬ್ಯಾಟರಿಯ ನೆಗೆಟಿವ್ ತುದಿಯೇ ಗಾಡಿಯ ಮೈಗೆ ಅರ್ತ್ ಆಗಿದೆಯಾ ನೋಡಿ, ಹಳೇ ಗಾಡಿಗಳಲ್ಲಿ ತಿರುಗು ಮುರುಗು ಇರುತ್ತದೆ. ಮೂರನೆಯದು ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ. ಘಾಟಿಯಲ್ಲಿ ಕಾಯುತ್ತದೆ ಅಂತ ನಮ್ಮ ಕಡೆ ಎಲ್ಲಾ ಮೆಕ್ಯಾನಿಕ್‌ಗಳೂ ಅದನ್ನು ಕಿತ್ತು ಬಿಸಾಕಿದ್ದಾರೆ, ನಾನೂ ಬಿಸಾಕಿದ್ದೇನೆ. ಅದಿಲ್ಲದೆ ನೀರು ಬಿಸಿಯಾಗುವುದಿಲ್ಲ, ಇಸಿಯು ‘ಇನ್ನೂ ಚಳಿ’ ಅಂದುಕೊಂಡು ದಿನವಿಡೀ ಚೋಕ್ ಎಳೆದ ಹಾಗೆ ಪೆಟ್ರೋಲ್ ಸುರಿಯುತ್ತದೆ. ಹೊಸದು ಹಾಕಿಸಿ, ರೇಡಿಯೇಟರ್ ತೊಳೆಸಿ.

ಕಾಗದ ಪತ್ರದ ವಿಚಾರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಇಂಜಿನ್ ನಂಬರ್ ಅದೇ, ಸಿಸಿ ಅದೇ ಇದ್ದರೂ ಕೆಲಸ ಶುರು ಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಇನ್ನೊಂದು, 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ವಾಹನಕ್ಕೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ನಿಮ್ಮದಕ್ಕೆ 2027ಕ್ಕೆ 50 ತುಂಬುತ್ತದೆ. ಆ ನಂಬರ್ ಮೇಲೆ ಆಸೆ ಇದ್ದರೆ ಇಂಜೆಕ್ಷನ್ ಬಿಡಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಉಡುಪಿಗೆ ಊಟಕ್ಕೆ ಹೋಗಿ ಬರಲು ಅಲ್ಲ.

ಅದಕ್ಕೇ ನನ್ನ ಮಾತು ಇಷ್ಟು. ಮ್ಯಾನಿಫೋಲ್ಡ್ ಕೊರೆಯಬೇಡಿ, ಹಳೇ ವೈರಿಂಗ್ ಕತ್ತರಿಸಬೇಡಿ, ಎಲ್ಲವನ್ನೂ ಬೋಲ್ಟಿನಲ್ಲೇ ಕೂರಿಸಿ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಮತ್ತೆ ಅಪ್ಪನ ಕಾಲದ ಗಾಡಿಯಾಗಬೇಕು, ಹಾಗೆ ಮಾಡಿಸಿ. ಈ ವರ್ಷ ಕಿಡಿ ರಿಪೇರಿ ಮಾಡಿ, ಜೆಟ್ ಇಳಿಸಿ, ಒಂದು ಮಳೆಗಾಲ ಓಡಿಸಿ ನೋಡಿ. ಆಮೇಲೂ ಆಗುಂಬೆಯ ಕಾಫಿ ಮಾತ್ರ ಕಾಡುತ್ತಿದ್ದರೆ ಇಂಜೆಕ್ಷನ್‌ಗೆ ಕೈ ಹಾಕಿ. ಅಲ್ಲಿಯವರೆಗೆ ಕಾಫಿ ಕುಡಿಯುವಾಗ ಬಾನೆಟ್ ಎತ್ತಿಡಿ.

ಪ್ರಶ್ನೆ: ನನ್ನದು 1996ರ ಮಾರುತಿ 800, ಕಾರ್ಬುರೇಟರ್. ಗುಜರಿಯಲ್ಲಿ ಎಂಪಿಎಫ್‌ಐ 800, ಅಂದರೆ ಕಂಪನಿಯ ಇಂಜೆಕ್ಷನ್ ಇರುವ ಗಾಡಿ, ಒಂದಿದೆ. ಅದರ ಸಾಮಾನು ಇದಕ್ಕೆ ಕೂರುತ್ತದಾ? – ಸಾಗರದ ಓದುಗರು

ಉತ್ತರ: ನಿಮ್ಮದು ಸುಲಭದ ಕೇಸು. 796 ಸಿಸಿ, ಮೂರು ಸಿಲಿಂಡರ್, ಕಂಪನಿಯೇ ಆಮೇಲೆ ಇಂಜೆಕ್ಷನ್ ಕೊಟ್ಟ ಗಾಡಿ. ಆದರೆ ಗುಜರಿಯ ಗಾಡಿ ಸಿಲಿಂಡರಿಗೆ ಎರಡು ವಾಲ್ವಿನದ್ದಾ, ನಾಲ್ಕು ವಾಲ್ವಿನದ್ದಾ ನೋಡಿ. ನಾಲ್ಕರದ್ದಾದರೆ ಹೆಡ್ಡೇ ಬೇರೆ, ಮ್ಯಾನಿಫೋಲ್ಡ್ ಹೊಂದುವುದಿಲ್ಲ. ಕೊಳ್ಳುವುದಾದರೆ ಬಿಡಿ ಬಿಡಿ ಬೇಡ. ಟ್ಯಾಂಕ್, ಪಂಪ್, ಪೈಪು, ಇಸಿಯು, ವೈರಿಂಗ್ ಎಲ್ಲಾ ಒಂದೇ ಗಾಡಿಯದ್ದು ತನ್ನಿ. ವೈರಿಂಗನ್ನು ಕತ್ತರಿಸದೆ, ಸಾಕೆಟ್ ಬಿಚ್ಚಿಯೇ ತೆಗೆಯಿರಿ. ಮನೆಗೆ ತಂದ ಮೇಲೆ ಅಡಿಕೆ ಅಟ್ಟದಲ್ಲಿ ಇಡಬೇಡಿ, ಇಲಿ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ನನ್ನದನ್ನು ಮುಗಿಸಿದೆ.

ಪ್ರಶ್ನೆ: ಐಟಿಐ ಓದುತ್ತಿದ್ದೇನೆ. ಇಂಜೆಕ್ಷನ್ ಟ್ಯೂನಿಂಗ್ ಕಲಿಯಲು ಬೆಂಗಳೂರಿಗೇ ಹೋಗಬೇಕಾ ಸಾರ್? – ಹೊಸನಗರದ ವಿದ್ಯಾರ್ಥಿ

ಉತ್ತರ: ಬೇಡ ಮಗಾ. ಅಮೆರಿಕದಲ್ಲಿ ಇಬ್ಬರು ಸೇರಿ 2001ರಲ್ಲಿ ಮೆಗಾಸ್ಕ್ವರ್ಟ್ ಅಂತ ಒಂದು ಇಸಿಯು ಶುರು ಮಾಡಿದರು, ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸುವಂಥದ್ದು. ಆಮೇಲೆ ಸ್ಪೀಡುಯಿನೊ ಬಂತು. ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಓಡುತ್ತದೆ, ಪ್ರೋಗ್ರಾಂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ಕಲಿ. ಮೊದಲು ಕಾರಿಗೆ ಹಾಕಬೇಡ, ಟೇಬಲ್ ಮೇಲೆ ಒಂದು ಇಂಜೆಕ್ಟರ್, ಒಂದು ಹಲ್ಲಿನ ಚಕ್ರ, ಡ್ರಿಲ್ ಮಿಷನ್ ಇಟ್ಟುಕೊಂಡು ತಿರುಗಿಸಿ ನೋಡು. ಇಂಜೆಕ್ಟರ್ ಟಿಕ್ ಟಿಕ್ ಅನ್ನುವುದು ಸಾಕು, ಪೆಟ್ರೋಲ್ ಬೇಡ. ಮನೆಯಲ್ಲಿ ಬೈಗುಳ ತಿನ್ನಬೇಡ.

ಪ್ರಶ್ನೆ: ಇಂಜೆಕ್ಷನ್ ಮಾಡಿಸಿದೆವು, ಚೆನ್ನಾಗಿದೆ. ಹಳೇ ಎಸ್‌ಯು ಕಾರ್ಬುರೇಟರ್ ಗುಜರಿಗೆ ಹಾಕಲಾ? – ಕೊಪ್ಪದ ಓದುಗರು

ಉತ್ತರ: ಹಾಕಬೇಡಿ. ಪಿಸ್ಟನ್ ಏರಿಳಿಯುವ ಮೇಲಿನ ಡ್ಯಾಶ್‌ಪಾಟಿನ ಎಣ್ಣೆ ಚೆಲ್ಲಿ, ಬೌಲಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಎಥನಾಲ್ ಉಳಿದರೆ ಒಳಗೆ ಬಿಳಿ ಪುಡಿ ಕಟ್ಟುತ್ತದೆ. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ, ‘ಟಕ್’ ಅಂತ ಕೂರಬೇಕು. ಕೂರದಿದ್ದರೆ ತೊಳೆದು ಒರೆಸಿ. ಚೋಕ್ ಕೇಬಲ್, ಗ್ಯಾಸ್ಕೆಟ್, ನಟ್ಟು ಎಲ್ಲವನ್ನೂ ಸೇರಿಸಿ ಬಿಸ್ಕತ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಗಾಡಿ ನಂಬರ್ ಬರೆದು ಇಡಿ.